ಹಿಡಿಯುವುದು ಸುಲಭ, ಬಿಡಿಸುವುದು ಕಷ್ಟ: ಟೊಳ್ಳು ಹರಳುಗಳ ರಸಾಯನ

ಹೊಸ ಬೂಟಿನ ಪೆಟ್ಟಿಗೆಯ ಮೂಲೆಯಲ್ಲಿ ‘ತಿನ್ನಬಾರದು’ ಎಂದು ಬರೆದ ಪುಟ್ಟ ಪೊಟ್ಟಣವೊಂದು ಇರುತ್ತದಲ್ಲ, ಅದರೊಳಗಿರುವುದು ಸಿಲಿಕಾ ಜೆಲ್. ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಮಲೆನಾಡಿನ ಒಂದು ಮಳೆಗಾಲದಲ್ಲಿ ಕ್ಯಾಮೆರಾಕ್ಕೆ ಬೂಸ್ಟು ಹಿಡಿಯದಿರಲೆಂದು ನಾನು ಅಂಥ ಹತ್ತಾರು ಪೊಟ್ಟಣಗಳನ್ನು ಕೂಡಿಟ್ಟುಕೊಂಡಿದ್ದೆ. ಎರಡೇ ವಾರಕ್ಕೆ ಎಲ್ಲವೂ ನೀರುಂಡು ಸುಮ್ಮನಾದವು. ಮತ್ತೆ ಕೆಲಸಕ್ಕೆ ಹಚ್ಚಬೇಕೆಂದರೆ ಕಾಳುಗಳನ್ನು ನೂರು ಡಿಗ್ರಿ ಮೀರಿ ಕಾಯಿಸಬೇಕು. ಹಳೆಯ ಬಾಣಲೆಯೊಂದರಲ್ಲಿ ಹುರಿದೆ. ತೇವ ಹಿಡಿಯುವಾಗ ಒಂದು ಕಾಸೂ ಖರ್ಚಾಗಿರಲಿಲ್ಲ. ಬಿಡಿಸುವಾಗ ಗ್ಯಾಸ್ ಉರಿಸಬೇಕಾಯಿತು.

2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಸಂಶೋಧನೆಯ ಬಗ್ಗೆ ಓದುವಾಗಲೆಲ್ಲ ನನಗೆ ಆ ಬಾಣಲೆ ನೆನಪಾಗುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ಕಿತಗಾವ, ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್, ಅಮೆರಿಕದ ಬರ್ಕ್ಲಿಯ ಒಮರ್ ಯಾಗಿ ಈ ಮೂವರು ಆ ಪ್ರಶಸ್ತಿಯನ್ನು ಹಂಚಿಕೊಂಡರು. ಅವರು ಬೆಳೆಸಿದ ವಸ್ತುಗಳ ಹೆಸರು ಲೋಹ-ಸಾವಯವ ಚೌಕಟ್ಟುಗಳು, ಚುಟುಕಾಗಿ ಎಂಒಎಫ್. ಕೆಲವೇ ಗ್ರಾಂ ಪುಡಿಯೊಳಗೆ ಫುಟ್‌ಬಾಲ್ ಮೈದಾನದಷ್ಟು ಮೇಲ್ಮೈ ಅಡಗಿದೆ ಎಂಬ ಮಾತು ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು. ಮಾತು ನಿಜ. ಆದರೆ ಈ ವಸ್ತುಗಳ ಭವಿಷ್ಯ ಮೈದಾನದ ಅಳತೆಯಲ್ಲಿಲ್ಲ, ಬಾಣಲೆಯ ಲೆಕ್ಕದಲ್ಲಿದೆ ಎಂದು ನನ್ನ ಅನಿಸಿಕೆ.

ಮೊದಲು ಚೌಕಟ್ಟು ಎಂದರೇನು ನೋಡೋಣ. ಅಂಗಳದ ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಳ್ಳಿ. ಚುಕ್ಕಿ ಇಡುವವರು ಮೊದಲೇ ತೀರ್ಮಾನಿಸಿರುತ್ತಾರೆ: ನೇರ ಚುಕ್ಕಿಯೋ ಸಂದು ಚುಕ್ಕಿಯೋ, ಒಂದು ಚುಕ್ಕಿಯಿಂದ ಎಷ್ಟು ಗೆರೆ ಹೊರಡಬೇಕು, ಯಾವ ದಿಕ್ಕಿಗೆ. ಅಷ್ಟು ನಿಶ್ಚಯವಾದರೆ ಚಿತ್ರ ತಾನಾಗಿ ಮೂಡುತ್ತದೆ. ಗೆರೆಗಳ ನಡುವೆ ಖಾಲಿ ಜಾಗಗಳು ಉಳಿಯುತ್ತವೆ. ಎಂಒಎಫ್‌ನಲ್ಲಿ ಚುಕ್ಕಿಯ ಜಾಗದಲ್ಲಿ ಲೋಹದ ಅಯಾನು ಅಥವಾ ಲೋಹ-ಆಮ್ಲಜನಕದ ಸಣ್ಣ ಗೊಂಚಲು ಇರುತ್ತದೆ. ಗೆರೆಯ ಜಾಗದಲ್ಲಿ ಇಂಗಾಲ ಮೂಲದ ಉದ್ದನೆಯ ಗಟ್ಟಿ ಅಣು. ರಂಗೋಲಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಇದು ಮೇಲಕ್ಕೂ ಬೆಳೆಯುತ್ತದೆ. ನಡುವೆ ಉಳಿಯುವ ಖಾಲಿ ಕೋಣೆಗಳ ಅಗಲ ಸಾಮಾನ್ಯವಾಗಿ ಒಂದೆರಡು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ನೀರು, ಮೀಥೇನ್, ಇಂಗಾಲದ ಡೈಆಕ್ಸೈಡ್ ಮುಂತಾದವುಗಳ ಅಣುಗಳಿಗೆ ಅದು ವಾಸಯೋಗ್ಯ ಅಳತೆ.

ಈ ಕಲ್ಪನೆ ಹೊಳೆದದ್ದು ಮರದ ಗುಂಡುಗಳಿಂದ. 1974ರಲ್ಲಿ ರಾಬ್ಸನ್ ತಮ್ಮ ವಿದ್ಯಾರ್ಥಿಗಳಿಗೆ ಅಣುಗಳ ಮಾದರಿ ಕಟ್ಟಿ ತೋರಿಸಲು ಗುಂಡುಗಳನ್ನು ತಯಾರಿಸಬೇಕಿತ್ತು. ಕಡ್ಡಿ ಸಿಕ್ಕಿಸಲು ಯಾವ ಗುಂಡಿಗೆ ಎಲ್ಲೆಲ್ಲಿ ತೂತು ಕೊರೆಯಬೇಕು ಎಂಬುದನ್ನು ವಿಶ್ವವಿದ್ಯಾಲಯದ ಕಾರ್ಯಾಗಾರದವರಿಗೆ ಅವರೇ ಗುರುತು ಮಾಡಿಕೊಟ್ಟರು. ಗುಂಡುಗಳು ಸಿದ್ಧವಾಗಿ ಬಂದು, ಮಾದರಿ ಕಟ್ಟುತ್ತ ಕುಳಿತಾಗ ಒಂದು ವಿಷಯ ಗಮನಕ್ಕೆ ಬಂತು. ತೂತುಗಳು ಸರಿಯಾದ ಜಾಗದಲ್ಲಿದ್ದರೆ ಕಟ್ಟುವವನು ಹೆಚ್ಚು ಯೋಚಿಸಬೇಕಿಲ್ಲ, ಇಡೀ ಆಕಾರದ ಸುಳಿವು ತೂತುಗಳಲ್ಲೇ ಅಡಗಿದೆ. (ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು ಇದನ್ನು ಕೇಳಿದರೆ, ಇದಕ್ಕೆ ವಿಶ್ವವಿದ್ಯಾಲಯ ಬೇಕಿತ್ತೆ ಎಂದಾರು.) ಗುಂಡುಗಳ ಬದಲು ನಿಜವಾದ ಪರಮಾಣುಗಳನ್ನೇ ಹೀಗೆ ಜೋಡಿಸಿದರೆ? ಆ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಲು ರಾಬ್ಸನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. ನಾಲ್ಕು ದಿಕ್ಕಿಗೆ ಕೈಚಾಚುವ ತಾಮ್ರದ ಅಯಾನನ್ನು ನಾಲ್ಕು ತೋಳಿನ ಸಾವಯವ ಅಣುವಿನ ಜೊತೆ ಬೆರೆಸಿದರು. ಎರಡೂ ಸೇರಿ ಗೋಜಲಾಗುತ್ತವೆ ಎಂದು ಬಹಳ ಮಂದಿ ಊಹಿಸುತ್ತಿದ್ದರು. ಆದದ್ದು ವಜ್ರದ ಜೋಡಣೆಯನ್ನೇ ಹೋಲುವ ಹರಳು. ವಜ್ರದಲ್ಲಿ ಇಂಗಾಲದ ಪರಮಾಣುಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಇದರೊಳಗೆ ದೊಡ್ಡ ದೊಡ್ಡ ಟೊಳ್ಳುಗಳಿದ್ದವು. 1989ರಲ್ಲಿ ಆ ಪ್ರಬಂಧ ಪ್ರಕಟವಾಯಿತು.

ಆ ಟೊಳ್ಳುಗಳು ಖಾಲಿ ಇರಲಿಲ್ಲ, ದ್ರಾವಕದಿಂದ ತುಂಬಿದ್ದವು. ದ್ರಾವಕ ಹೊರಬಂದರೆ ಚೌಕಟ್ಟು ಕುಸಿಯುತ್ತಿತ್ತು. ಒಳಗೆ ಏನೂ ಇಲ್ಲದೆ ನಿಲ್ಲಬಲ್ಲ, ಅನಿಲ ಬಂದು ಹೋದರೂ ಅಲುಗದ ಚೌಕಟ್ಟನ್ನು 1997ರಲ್ಲಿ ತೋರಿಸಿದವರು ಕಿತಗಾವ. ಕೋಬಾಲ್ಟ್, ನಿಕಲ್, ಸತು ಇವುಗಳ ಅಯಾನುಗಳನ್ನು ಬೈಪಿರಿಡಿನ್ ಎಂಬ ಅಣುವಿನಿಂದ ಹೆಣೆದು ಅವರು ಕಟ್ಟಿದ ವಸ್ತುವಿನಲ್ಲಿ ಉದ್ದುದ್ದ ಕಾಲುವೆಗಳಿದ್ದವು. ಒಣಗಿಸಿದ ಮೇಲೂ ಅವು ಉಳಿದು, ಮೀಥೇನ್, ಸಾರಜನಕ, ಆಮ್ಲಜನಕಗಳನ್ನು ಒಳಕ್ಕೆ ಬಿಟ್ಟುಕೊಂಡು ಹೊರಕ್ಕೆ ಕಳುಹಿಸಿದವು. ಅನುದಾನ ಕೊಡುವವರು ಮಾತ್ರ ಮೂಗು ಮುರಿದರು. ಇದೇ ಕೆಲಸ ಮಾಡುವ ಜಿಯೊಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ ಅಗ್ಗಕ್ಕೆ ಸಿಗುವಾಗ ಇದೇಕೆ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಮುಂದೆ ಅದಕ್ಕೆ ಬರುತ್ತೇನೆ.

ಯಾಗಿ ಹುಟ್ಟಿದ್ದು ಜೋರ್ಡನ್ನಿನ ಅಮ್ಮಾನ್‌ನಲ್ಲಿ, ಪ್ಯಾಲೆಸ್ಟೀನಿನಿಂದ ನಿರಾಶ್ರಿತರಾಗಿ ಬಂದ ಕುಟುಂಬದಲ್ಲಿ. ಮನೆಗೆ ವಿದ್ಯುತ್ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಹದಿನೈದನೇ ವಯಸ್ಸಿಗೆ ಅಮೆರಿಕಕ್ಕೆ ಹೋದ ಅವರು 1995ರಲ್ಲಿ ಈ ವಸ್ತುಗಳಿಗೆ ಈಗಿನ ಹೆಸರನ್ನು ಕೊಟ್ಟರು, 1999ರಲ್ಲಿ ಎಂಒಎಫ್-5 ಎಂಬ ಹರಳನ್ನು ಪ್ರಕಟಿಸಿದರು. ಅದರ ಮೂಲೆಗಳಲ್ಲಿ, ಅಂದರೆ ಚುಕ್ಕಿಯ ಜಾಗದಲ್ಲಿ, ಸತು-ಆಮ್ಲಜನಕದ ಗೊಂಚಲು. ಗೆರೆಯ ಜಾಗದ ತೊಲೆಗಳು ಟೆರಿಫ್ತಾಲಿಕ್ ಆಮ್ಲದವು. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೂ ಪಾಲಿಯೆಸ್ಟರ್ ಬಟ್ಟೆಗೂ ಬಳಸುವ ಕಚ್ಚಾವಸ್ತು ಇದೇ. ಒಳಗೆ ಏನೂ ಇಲ್ಲದಿದ್ದರೂ 300 ಡಿಗ್ರಿ ಶಾಖವನ್ನು ಅದು ತಾಳಿಕೊಂಡಿತು. ಆಮೇಲೆ ಅವರ ತಂಡ ಮೂಲೆಗಳನ್ನು ಹಾಗೇ ಇಟ್ಟು ತೊಲೆಗಳನ್ನಷ್ಟೇ ಬದಲಿಸುತ್ತ ಹದಿನಾರು ಬಗೆಯ ಹರಳುಗಳನ್ನು ಮಾಡಿತು. ಕೋಣೆಯ ಅಳತೆಯನ್ನು ಬೇಕಾದಂತೆ ನಿಗದಿ ಮಾಡಬಹುದು ಎಂಬುದು ಆಗ ಖಾತ್ರಿಯಾಯಿತು.

ಮೈದಾನದ ಲೆಕ್ಕ ಹೇಗೆ ಬರುತ್ತದೆ? ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು: ತೆಂಗಿನ ಹೋಳಿಗಿಂತ ತುರಿ ಬೇಗ ರಸ ಬಿಡುತ್ತದೆ, ತುರಿಗಿಂತ ರುಬ್ಬಿದ್ದು. ಕತ್ತರಿಸಿದಷ್ಟೂ ಹೊರಮೈ ಹೆಚ್ಚುತ್ತದೆ. ಒಂದು ಸೆಂಟಿಮೀಟರ್ ಅಗಲದ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ನ್ಯಾನೊಮೀಟರಿನ ಘನಗಳಾಗಿ ತುಂಡರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್ ಆಗುತ್ತದೆ. ಅಷ್ಟು ನುಣ್ಣನೆಯ ಪುಡಿ ಮತ್ತೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ ಎಂಬುದೇ ತೊಡಕು. ಎಂಒಎಫ್ ಇದನ್ನು ತಿರುವುಮುರುವು ಮಾಡಿತು. ಹೊರಗಿನಿಂದ ಕತ್ತರಿಸುವ ಬದಲು ಒಳಗನ್ನೇ ಟೊಳ್ಳು ಮಾಡಿ, ಹೆಚ್ಚುಕಡಿಮೆ ಪ್ರತಿ ಪರಮಾಣುವೂ ಒಂದಲ್ಲ ಒಂದು ಕೋಣೆಯ ಗೋಡೆಯಾಗುವಂತೆ ಕಟ್ಟಿತು. 2018ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಡಿಯುಟಿ-60 ಎಂಬ ಹರಳಿನ ಒಳಮೈ ಗ್ರಾಂಗೆ 7,800 ಚದರ ಮೀಟರ್ ದಾಟಿತು. ನಮ್ಮ ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ 37 ಗುಂಟೆ. ನೆಲ್ಲಿಕಾಯಿಯಷ್ಟು ಮುದ್ದೆಯೊಳಗೆ.

ತಯಾರಿಕೆ ಕೇಳುವುದಕ್ಕೆ ಅಡುಗೆಯಷ್ಟೇ ಸರಳ. ಲೋಹದ ಲವಣ, ಸಾವಯವ ಆಮ್ಲ, ದ್ರಾವಕ ಮೂರನ್ನೂ ಬಿಗಿಮುಚ್ಚಳದ ಪಾತ್ರೆಯಲ್ಲಿಟ್ಟು ನೂರು ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದು. ಕೌಶಲ ಇರುವುದು ನಿಧಾನದಲ್ಲಿ. ಲೋಹ ಮತ್ತು ತೊಲೆಯ ನಡುವಿನ ಬಂಧ ಕೂಡಿ, ಬಿಟ್ಟು, ಮತ್ತೆ ಕೂಡುವಷ್ಟು ಸಡಿಲವಾಗಿರಬೇಕು. ಆಗ ತಪ್ಪಾಗಿ ಕೂತ ತೊಲೆ ಕಳಚಿಕೊಂಡು ಸರಿಯಾದ ಜಾಗಕ್ಕೆ ಹೋಗುತ್ತದೆ. ಬಂಧ ಒಮ್ಮೆಲೇ ಬಿಗಿದುಕೊಂಡರೆ ತಪ್ಪುಗಳೆಲ್ಲ ಹಾಗೇ ಉಳಿದು ಹರಳಿನ ಬದಲು ಅಂಟುಅಂಟಾದ ಮುದ್ದೆ ಸಿಗುತ್ತದೆ. ಹಾಗಾಗದಂತೆ ಅಸಿಟಿಕ್ ಆಮ್ಲದಂಥ ಚಿಕ್ಕ ಆಮ್ಲವನ್ನು ಬೆರೆಸುವುದುಂಟು. ಅದು ತೊಲೆಗಳ ಜಾಗದಲ್ಲಿ ತಾತ್ಕಾಲಿಕವಾಗಿ ಕುಳಿತು ಅವಸರಕ್ಕೆ ಕಡಿವಾಣ ಹಾಕುತ್ತದೆ. ಹರಳು ಬಂದ ಮೇಲೂ ನೆಮ್ಮದಿಯಿಲ್ಲ. ಒಳಗಿನ ದ್ರಾವಕವನ್ನು ಹಾಗೇ ಆವಿ ಮಾಡಲು ಹೋದರೆ, ಹಿಂದೆ ಸರಿಯುವ ದ್ರವದ ಎಳೆತಕ್ಕೇ ಗೋಡೆಗಳು ಕುಸಿಯಬಹುದು. ಪ್ರಯೋಗಾಲಯದಲ್ಲಿ ಎಷ್ಟೋ ಹರಳುಗಳು ಸತ್ತದ್ದು ಈ ಘಟ್ಟದಲ್ಲಿ. ಮೊದಲು ಭಾರದ ದ್ರಾವಕವನ್ನು ಹಗುರವಾದ ಇನ್ನೊಂದರಿಂದ ತೊಳೆದು, ಆಮೇಲೆ ಮೆಲ್ಲಗೆ ಖಾಲಿ ಮಾಡುವುದು ರೂಢಿ.

ಎಂಒಎಫ್-5ಕ್ಕೆ ಇನ್ನೊಂದು ಶಾಪವಿತ್ತು. ಶಾಖಕ್ಕೆ ಅಂಜದ ಅದು ಗಾಳಿಯ ತೇವಕ್ಕೆ ಸೋಲುತ್ತಿತ್ತು. ನೀರಿನ ಅಣು ಬಂದು ಸತುವಿಗೆ ಅಂಟಿಕೊಂಡು ತೊಲೆಯನ್ನೇ ಹೊರದಬ್ಬುತ್ತಿತ್ತು. 2008ರಲ್ಲಿ ನಾರ್ವೆಯ ಓಸ್ಲೊದವರು ಸತುವಿನ ಬದಲು ಜಿರ್ಕೋನಿಯಂ ಬಳಸಿ ಯುಐಒ-66 ಎಂಬ ಹರಳನ್ನು ಕಟ್ಟಿದರು. ಜಿರ್ಕೋನಿಯಂ ಆಮ್ಲಜನಕವನ್ನು ಬಿಡದೆ ಹಿಡಿಯುವ ಲೋಹ, ಹಾಗಾಗಿ ನೀರಿಗೆ ಜಗ್ಗಲಿಲ್ಲ. ನಿಜ ಜಗತ್ತಿನ ಗಾಳಿಯಲ್ಲಿ ಎಂಒಎಫ್‌ಗಳನ್ನು ಧೈರ್ಯವಾಗಿ ಬಳಸುವ ಯೋಚನೆಗೆ ಬಲ ಬಂದದ್ದು ಇಂಥ ಹರಳುಗಳಿಂದ.

ಈಗ ಬಾಣಲೆಗೆ ಬರೋಣ.

ಅನಿಲದ ಅಣು ಗೋಡೆಗೆ ಅಂಟಿಕೊಳ್ಳುವಾಗ ಒಂದಿಷ್ಟು ಶಾಖ ಹೊರಬರುತ್ತದೆ. ಹೀಗೆ ಅಂಟಿಕೊಳ್ಳುವುದನ್ನು ಪಠ್ಯಪುಸ್ತಕಗಳು ಅಧಿಶೋಷಣೆ ಎನ್ನುತ್ತವೆ. ಅಂಟಿದ್ದನ್ನು ಬಿಡಿಸಲು ಅಷ್ಟೇ ಶಾಖವನ್ನು ವಾಪಸು ಕೊಡಬೇಕು. ಹಿಡಿತ ಬಿಗಿಯಾದಷ್ಟೂ ಆ ಸಾಲ ದೊಡ್ಡದು. ಹಿಡಿತ ಸಡಿಲವಾದರೆ ಬೇಕಾದ ಅಣು ಬಂದು ನಿಲ್ಲುವುದೇ ಇಲ್ಲ. ಇವೆರಡರ ನಡುವಿನ ಕಿರಿದಾದ ಹಾದಿಯಲ್ಲಿ ನಡೆಯುವ ವಸ್ತುವಷ್ಟೇ ಉಪಯೋಗಕ್ಕೆ ಬರುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಮನೆಮನೆಯ ಮಾತಾದ ಆಮ್ಲಜನಕ ಸಾಂದ್ರಕಗಳೊಳಗೆ ಇದ್ದದ್ದು ಜಿಯೊಲೈಟ್. ಒತ್ತಡ ಏರಿಸಿದಾಗ ಗಾಳಿಯ ಸಾರಜನಕವನ್ನು ಹಿಡಿದುಕೊಂಡು, ಇಳಿಸಿದಾಗ ಬಿಟ್ಟುಬಿಡುತ್ತದೆ. ಸೆಕೆಂಡುಗಳಲ್ಲಿ ಮುಗಿಯುವ ಈ ಆಟ ವರ್ಷಗಟ್ಟಲೆ ನಡೆಯುತ್ತದೆ. ಆ ಕೆಲಸಕ್ಕೆ ಜಿಯೊಲೈಟಿನ ಹಿಡಿತ ಹದವಾಗಿದೆ. ಅಲ್ಲಿ ಎಂಒಎಫ್ ತಂದು ಸಾಧಿಸುವುದು ಹೆಚ್ಚೇನಿಲ್ಲ. ಅದೇ ಜಿಯೊಲೈಟಿಗೆ ನೀರು ಸಿಕ್ಕಿದರೆ ಮಾತ್ರ ಕಥೆಯೇ ಬೇರೆ. ಕಚ್ಚಿ ಹಿಡಿಯುತ್ತದೆ, ಬಿಡಿಸಲು ಇನ್ನೂರು ಡಿಗ್ರಿಗೂ ಮೀರಿದ ಶಾಖ ಬೇಕಾಗುತ್ತದೆ. ಕಿತಗಾವ ಅವರನ್ನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಜಿಯೊಲೈಟಿನ ಹಿಡಿತವನ್ನು ಹೆಚ್ಚುಕಡಿಮೆ ಇದ್ದಂತೆ ಒಪ್ಪಿಕೊಳ್ಳಬೇಕು. ಎಂಒಎಫ್‌ನ ಹಿಡಿತವನ್ನು ತೊಲೆ ಬದಲಿಸಿ, ಲೋಹ ಬದಲಿಸಿ ಕೆಲಸಕ್ಕೆ ತಕ್ಕಂತೆ ಶ್ರುತಿ ಮಾಡಬಹುದು.

ಮರುಭೂಮಿಯ ಗಾಳಿಯಿಂದ ನೀರು ತೆಗೆಯುವ ಪ್ರಯೋಗ ಈ ಶ್ರುತಿಯ ಸೊಗಸಾದ ಉದಾಹರಣೆ. ಅದಕ್ಕೆ ಬಳಸಿದ ಎಂಒಎಫ್-801 ಜಿರ್ಕೋನಿಯಂ ಮತ್ತು ಫ್ಯುಮಾರಿಕ್ ಆಮ್ಲದಿಂದ ಆದದ್ದು. ಆಹಾರಕ್ಕೆ ಹುಳಿ ಕೊಡಲು ಬಳಸುವ ಆಮ್ಲವೇ ಇದು. ತೀರಾ ಒಣಗಾಳಿಯಲ್ಲಿ ಈ ಹರಳು ಹೆಚ್ಚೇನೂ ಹಿಡಿಯುವುದಿಲ್ಲ. ತೇವ ಒಂದು ಮಟ್ಟ ದಾಟಿದ ಕೂಡಲೇ ಗಬಗಬನೆ ತುಂಬಿಕೊಳ್ಳುತ್ತದೆ. ಮದುವೆಮನೆಯ ಪಂಕ್ತಿಯ ಹಾಗೆ: ಮೊದಲ ನಾಲ್ವರು ಕೂರುವವರೆಗೆ ಎಲ್ಲರಿಗೂ ಸಂಕೋಚ, ಅವರು ಕೂತರೆಂದರೆ ಉಳಿದ ಸಾಲು ಕ್ಷಣದಲ್ಲಿ ಭರ್ತಿ. ಮೊದಲ ಕೆಲವು ನೀರಿನ ಅಣುಗಳು ಗೋಡೆಯ ಆಯಕಟ್ಟಿನ ಜಾಗಗಳಲ್ಲಿ ಕೂತ ಮೇಲೆ ಮುಂದಿನವು ಅವುಗಳ ಕೈ ಹಿಡಿದು ಕೋಣೆ ತುಂಬುತ್ತವೆ. ಹೀಗೆ ಹೆಚ್ಚಿನ ಅಣುಗಳು ಗೋಡೆಗಿಂತ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಬಿಡಿಸಲು ಸುಮಾರು 65 ಡಿಗ್ರಿ ಶಾಖ ಸಾಕು, ಅದನ್ನು ಬಿಸಿಲೇ ಕೊಡಬಲ್ಲದು. ರಾತ್ರಿ ಪೆಟ್ಟಿಗೆ ತೆರೆದಿಡುವುದು, ಬೆಳಗ್ಗೆ ಮುಚ್ಚಿ ಬಿಸಿಲಿಗೆ ಒಡ್ಡುವುದು, ಗೋಡೆಗೆ ತಾಗಿ ಹನಿಯಾದ ನೀರನ್ನು ಕೂಡಿಸಿಕೊಳ್ಳುವುದು. ಬೇರೆ ಯಂತ್ರವಿಲ್ಲ.

ಅಂಕಿಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. 2017ರ ಪ್ರಬಂಧ ಒಂದು ಕಿಲೊ ಎಂಒಎಫ್ ದಿನಕ್ಕೆ 2.8 ಲೀಟರ್ ನೀರು ಕೊಡಬಲ್ಲದು ಎಂದಿತು. ಸುದ್ದಿಯಾದದ್ದು ಆ ಅಂಕಿ. ಮರುವರ್ಷ ಅರಿಜೋನದ ಮರುಭೂಮಿಯಲ್ಲಿ ದಿನಕ್ಕೊಂದು ಸುತ್ತಿನಂತೆ ಪರೀಕ್ಷಿಸಿದಾಗ ಒಂದು ಕಿಲೊ ಎಂಒಎಫ್-801ರಿಂದ ಸಿಕ್ಕಿದ್ದು ನೂರು ಗ್ರಾಂ ನೀರು. ಕಾಲು ಸೇರಿಗೂ ಕಡಿಮೆ. ಅಲ್ಯೂಮಿನಿಯಂ ಬಳಸಿದ ಎಂಒಎಫ್-303 ಅದರ ಎರಡು ಪಟ್ಟಿಗೂ ಹೆಚ್ಚು ಕೊಡುತ್ತದೆ ಎಂಬುದು ಅದೇ ವರದಿಯ ಸಮಾಧಾನ. ಜಿರ್ಕೋನಿಯಂಗಿಂತ ಅಲ್ಯೂಮಿನಿಯಂ ಎಷ್ಟೋ ಅಗ್ಗ ಎಂಬುದು ಇನ್ನೊಂದು.

ಇದರ ಮೇಲ್ಮಿತಿಯನ್ನು ನಾವೇ ಕೂತು ಲೆಕ್ಕ ಹಾಕಬಹುದು. ನಮ್ಮ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಸರಾಸರಿ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ ಎಂದಿಟ್ಟುಕೊಳ್ಳಿ. ಅದು 18 ಮೆಗಾಜೂಲ್. ಒಂದು ಲೀಟರ್ ನೀರನ್ನು ಆವಿ ಮಾಡಲು ಎರಡೂಕಾಲು ಮೆಗಾಜೂಲಿಗಿಂತ ಸ್ವಲ್ಪ ಹೆಚ್ಚು ಬೇಕು, ಹರಳಿನಿಂದ ಬಿಡಿಸಲು ಇನ್ನೂ ತುಸು ಜಾಸ್ತಿ. ಬಿಸಿಲಿನ ಒಂದು ಹನಿಯೂ ಪೋಲಾಗಲಿಲ್ಲ ಎಂದರೂ ಚದರ ಮೀಟರಿಗೆ ಏಳು ಲೀಟರ್ ದಾಟುವುದು ಕಷ್ಟ. ಆವಿ ತಣಿಯುವಾಗ ಬಿಡುವ ಶಾಖವನ್ನು ಮತ್ತೆ ಬಳಸಿಕೊಳ್ಳುವ ಏರ್ಪಾಟಿದ್ದರೆ ಮಾತ್ರ ಈ ಮಿತಿ ಮೀರಬಹುದು. ಒಂದು ಮನೆಯ ಕುಡಿಯುವ ನೀರಿಗೆ ಸಾಕು. ಹೊಲಕ್ಕೆ ಹಾಯಿಸುವ ಕನಸು ಬೇಡ. ಮಂಗಳೂರಿನಂಥ ಊರಿನಲ್ಲಿ ಎಸಿಯ ಕೊಳವೆಯಿಂದಲೇ ನೀರು ತೊಟ್ಟಿಕ್ಕುತ್ತದೆ, ಅಲ್ಲಿ ಇದರ ಅಗತ್ಯವಿಲ್ಲ. ಎಂಒಎಫ್‌ನ ಸರದಿ ಬರುವುದು ಗಾಳಿಯನ್ನು ತಣಿಸಿ ನೀರು ತೆಗೆಯಲಾಗದಷ್ಟು ಒಣಗಿದ ಕಡೆ.

ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೆಲಸದಲ್ಲಿ ಇದೇ ಪಾಠ ಇನ್ನೂ ನಿಚ್ಚಳ. ಕಾರ್ಖಾನೆಯ ಹೊಗೆಯಿಂದ ಅದನ್ನು ಬೇರ್ಪಡಿಸುವ ಹಳೆಯ ದಾರಿ ಅಮೀನ್ ಎಂಬ ರಾಸಾಯನಿಕ ಬೆರೆಸಿದ ನೀರು. ಅದು ಅನಿಲವನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಬಿಡಿಸಲು ಅಷ್ಟೂ ನೀರನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಇದಕ್ಕೆ ಪರ್ಯಾಯವಾಗಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ಅವರ ತಂಡ ರೂಪಿಸಿದ್ದು ಕ್ಯಾಲ್ಫ್-20 ಎಂಬ ಎಂಒಎಫ್. ಸತು, ಆಕ್ಸಾಲಿಕ್ ಆಮ್ಲ, ಟ್ರಯಜೋಲ್ ಇಷ್ಟೇ ಸಾಮಗ್ರಿ. ಆಕ್ಸಾಲಿಕ್ ಆಮ್ಲ ಪಾಲಕ್ ಸೊಪ್ಪಿನಲ್ಲೂ ಇದೆ. ಇದರ ಒಳಮೈ ಗ್ರಾಂಗೆ ಸುಮಾರು 500 ಚದರ ಮೀಟರ್, ಐದು ಗುಂಟೆ. ಎಕರೆಗಟ್ಟಲೆ ಇರುವ ಹರಳುಗಳ ಸಾಲಿನಲ್ಲಿ ನಿಲ್ಲಿಸಿದರೆ ಇದು ಬಡ ರೈತ. ಆದರೆ ಹೊಗೆಯಲ್ಲಿ ನೀರಾವಿಯಿದ್ದರೂ ಡೈಆಕ್ಸೈಡನ್ನೇ ಮೊದಲು ಒಳಗೆ ಕರೆಯುತ್ತದೆ, ಹಬೆ ಹಾಯಿಸಿದರೆ ಬಿಡುತ್ತದೆ, ಹಬೆಯ ಹೊಡೆತಕ್ಕೆ ಹಾಳಾಗುವುದಿಲ್ಲ. ಕೆನಡಾದ ರಿಚ್ಮಂಡ್‌ನ ಸಿಮೆಂಟ್ ಕಾರ್ಖಾನೆಯೊಂದರ ಹೊಗೆಯ ಮೇಲೆ ಸ್ವಾಂಟೆ ಕಂಪನಿ ಇದನ್ನು ಪರೀಕ್ಷಿಸಿತು. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಇದನ್ನು ನೂರಾರು ಟನ್ ಪ್ರಮಾಣದಲ್ಲಿ ತಯಾರಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಎಕರೆವಂತ ಹರಳುಗಳು ಪ್ರಯೋಗಾಲಯದ ಬಾಟಲಿಗಳಲ್ಲಿ ಕುಳಿತಿರುವಾಗ ಕಾರ್ಖಾನೆಯ ಗೇಟು ದಾಟಿದ್ದು ಐದು ಗುಂಟೆಯದ್ದು.

ಇವುಗಳ ಸೋದರ ಸಂಬಂಧಿ ಎನ್ನಬಹುದಾದ, ಲೋಹವೇ ಇಲ್ಲದ ಚೌಕಟ್ಟುಗಳೂ ಇವೆ. ಯಾಗಿ ತಂಡ 2024ರಲ್ಲಿ ಪ್ರಕಟಿಸಿದ ಸಿಒಎಫ್-999 ಅಂಥದ್ದು. ಹೊಗೆಯಲ್ಲಿ ಡೈಆಕ್ಸೈಡ್ ನೂರಕ್ಕೆ ಹತ್ತು-ಹದಿನೈದರಷ್ಟಿದ್ದರೆ ಬಯಲಿನ ಗಾಳಿಯಲ್ಲಿ ಹತ್ತು ಸಾವಿರಕ್ಕೆ ನಾಲ್ಕರಷ್ಟು ಮಾತ್ರ. ಆ ತೆಳುಗಾಳಿಯಿಂದಲೇ ಹಿಡಿದು, ಸುಮಾರು 60 ಡಿಗ್ರಿಗೆ ಬಿಡುವ ವಸ್ತು ಇದು. ಬರ್ಕ್ಲಿಯ ಹೊರಗಾಳಿಯಲ್ಲಿ ನೂರು ಸುತ್ತು ದುಡಿದರೂ ದಣಿಯಲಿಲ್ಲ. ಹಾಗೆಯೇ, ಚಿಪ್ ಕಾರ್ಖಾನೆಗಳಿಗೆ ಬೇಕಾದ ಆರ್ಸೀನ್, ಫಾಸ್ಫೀನ್ ಮುಂತಾದ ವಿಷಾನಿಲಗಳನ್ನು ಹೊರಗಿನ ಗಾಳಿಗಿಂತ ಕಡಿಮೆ ಒತ್ತಡದಲ್ಲಿ ತುಂಬಿಡುವ ಎಂಒಎಫ್ ಸಿಲಿಂಡರುಗಳು ಮಾರುಕಟ್ಟೆಗೆ ಬಂದು ವರ್ಷಗಳಾದವು. ಸಿಲಿಂಡರಿಗೆ ಬಿರುಕು ಬಿಟ್ಟರೆ ವಿಷ ಹೊರಚಿಮ್ಮುವುದಿಲ್ಲ, ಹೊರಗಿನ ಗಾಳಿಯೇ ಒಳಕ್ಕೆ ನುಗ್ಗುತ್ತದೆ.

ಇನ್ನು ಸಿಎನ್‌ಜಿ ಆಟೊಗಳ ವಿಷಯ. ಇಂದು ಅವುಗಳ ಸಿಲಿಂಡರಿನಲ್ಲಿ ಮೀಥೇನನ್ನು ಸುಮಾರು 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು ಇನ್ನೂರು ಪಟ್ಟು, ಒತ್ತಡಕ್ಕೆ ತುರುಕುತ್ತಾರೆ. ಎಂಒಎಫ್ ತುಂಬಿದ ಸಿಲಿಂಡರಿನಲ್ಲಿ ಅದರ ಮೂರನೇ ಒಂದು ಪಾಲಿಗೂ ಕಡಿಮೆ ಒತ್ತಡದಲ್ಲಿ ಬಹಳಷ್ಟು ಅನಿಲ ಹಿಡಿಸಬಹುದು. ಆದರೆ ಎಂಜಿನ್ನಿಗೆ ಕಳುಹಿಸಲು ಕನಿಷ್ಠ ಐದಾರು ಬಾರ್ ಒತ್ತಡ ಉಳಿದಿರಬೇಕು; ಆ ಹೊತ್ತಿಗೂ ಗೋಡೆಗಳಿಗೆ ಅಂಟಿಕೊಂಡಿರುವ ಮೀಥೇನ್ ಇದ್ದೂ ಇಲ್ಲದಂತೆ. ಸಾಲದ್ದಕ್ಕೆ ತುಂಬುವಾಗ ಸಿಲಿಂಡರ್ ಬಿಸಿಯಾಗಿ ಹಿಡಿತ ಸಡಿಲುತ್ತದೆ, ಖಾಲಿಯಾಗುವಾಗ ತಣ್ಣಗಾಗಿ ಬಿಗಿಯುತ್ತದೆ. ಎರಡೂ ಕಡೆ ನಷ್ಟ.

ಇದಕ್ಕೆ ಒಂದು ಜಾಣ ಉಪಾಯ ಕಿತಗಾವ 1998ರಲ್ಲೇ ಮುಂದಿಟ್ಟ ಕಲ್ಪನೆಯಿಂದ ಬಂದಿದೆ. ಹರಳು ಕಲ್ಲಿನಂತೆ ಸೆಟೆದಿರಬೇಕಿಲ್ಲ, ಅತಿಥಿ ಬಂದಾಗ ಅರಳಿ ಹೋದಾಗ ಮುದುಡಬಹುದು ಎಂದಿದ್ದರು ಅವರು. ಈ ಬಗೆಯ ಮೆದು ಚೌಕಟ್ಟುಗಳ ಮೇಲೆ ಬೆಂಗಳೂರಿನ ಜಕ್ಕೂರಿನಲ್ಲೂ ಕೆಲಸ ನಡೆದಿದೆ. ರಾಬ್ಸನ್ ಅವರ ಪ್ರಬಂಧ ಬಂದ 1989ರಲ್ಲೇ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ಶುರುವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. ಕ್ಯೋಟೊದಲ್ಲಿ ಕಿತಗಾವ ಅವರ ಜೊತೆ ದುಡಿದು ಬಂದ ತಪಸ್ ಕುಮಾರ್ ಮಾಜಿ ಅವರ ಪ್ರಯೋಗಾಲಯವೂ ಅಲ್ಲೇ.

ಮೀಥೇನಿನ ತೊಡಕಿಗೆ ಈ ಮೆದುತನವನ್ನು ಬಳಸಿದ್ದು ಬರ್ಕ್ಲಿಯ ಜೆಫ್ರಿ ಲಾಂಗ್ ತಂಡ, 2015ರಲ್ಲಿ. ಅವರ ಕೋಬಾಲ್ಟ್ ಹರಳು ಕಡಿಮೆ ಒತ್ತಡದಲ್ಲಿ ಮಡಚಿದ ಕೊಡೆಯಂತಿರುತ್ತದೆ. ಒಳಗೆ ಜಾಗವೇ ಇಲ್ಲದ್ದರಿಂದ ಮೀಥೇನ್ ಅಂಟಿ ಉಳಿಯುವ ಮಾತೇ ಇಲ್ಲ. ಒತ್ತಡ ಒಂದು ಮಟ್ಟ ಮುಟ್ಟಿದಾಗ ಕೊಡೆ ತಟ್ಟನೆ ಬಿಚ್ಚಿಕೊಂಡು ಅನಿಲ ಒಳನುಗ್ಗುತ್ತದೆ. ಒತ್ತಡ ಇಳಿದಾಗ ಮತ್ತೆ ಮಡಚಿಕೊಂಡು ಬಹುಪಾಲು ಅನಿಲವನ್ನು ತಾನೇ ಹೊರಗೆ ಹಿಂಡುತ್ತದೆ. ಬಿಚ್ಚಿಕೊಳ್ಳಲು ಶಕ್ತಿ ಬೇಕಲ್ಲ, ಅದನ್ನು ಮೀಥೇನ್ ಅಂಟಿಕೊಳ್ಳುವಾಗ ಹೊರಬೀಳುವ ಶಾಖವೇ ಭರಿಸುತ್ತದೆ. ಹೀಗಾಗಿ ಸಿಲಿಂಡರ್ ಬಿಸಿಯಾಗುವುದೂ ಕಡಿಮೆ. ಹರಳನ್ನು ಹೊರಗಿನಿಂದ ಸ್ವಲ್ಪ ಒತ್ತಿ ಹಿಡಿದರೆ ಕೊಡೆ ಇನ್ನೂ ಹೆಚ್ಚಿನ ಒತ್ತಡಕ್ಕೆ ಮಾತ್ರ ಬಿಚ್ಚಿಕೊಳ್ಳುವಂತೆ ಮಾಡಬಹುದು ಎಂಬುದನ್ನೂ ಅವರು ತೋರಿಸಿದರು.